‘ಸರ್ವರ್ ಇಲ್ಲ’ ಎನ್ನಲು ಎರಡು ನಿಮಿಷ ಬೇಕೆ?

ಮಾನ್ಯ ಸಂಪಾದಕರೇ,

ಮಂಡ್ಯ, ಮಳವಳ್ಳಿ ಕಡೆಯ ಸೇವಾ ಕೇಂದ್ರಗಳಲ್ಲಿ ಜನ ಸಾಲುಗಟ್ಟಿ ನಿಂತಿರುವಾಗ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದ್ದರೆ, ಅದು ಯಾವಾಗಲೂ ನೆಟ್‌ವರ್ಕ್‌ನ ತಪ್ಪಲ್ಲ. ತಂತ್ರಾಂಶದಲ್ಲಿ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ಇಡದೇ ಹೋದರೂ ಹೀಗಾಗುತ್ತದೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಅದರಷ್ಟಕ್ಕೆ ಬಿಟ್ಟರೆ, ಓಗೊಡದ ಸರ್ವರ್‌ಗೆ ಸಂಪರ್ಕದ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸಿ, ಎರಡು ನಿಮಿಷ ದಾಟಿದ ಮೇಲಷ್ಟೇ ಕೈಚೆಲ್ಲುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸರ್ವರ್ ಜೊತೆ ಮಾತಾಡಲು ಬಳಸುವ ರಿಕ್ವೆಸ್ಟ್ಸ್ ಲೈಬ್ರರಿಯಂತೂ (ಸಿದ್ಧ ಕೋಡ್) ನಾವು ಹೇಳದಿದ್ದರೆ ಉತ್ತರಕ್ಕೆ ಮಿತಿಯಿಲ್ಲದೆ ಕಾಯುತ್ತದೆ.

ಸಂಪರ್ಕಕ್ಕೆ 3ರಿಂದ 5 ಸೆಕೆಂಡ್, ಉತ್ತರಕ್ಕೆ 20ರಿಂದ 30 ಸೆಕೆಂಡ್ ಎಂದು ಬೇರೆ ಬೇರೆ ಮಿತಿ ಇಡಿ. ರಿಕ್ವೆಸ್ಟ್ಸ್‌ನಲ್ಲಿ ಉತ್ತರದ ಮಿತಿ, ಬರುವ ಉತ್ತರದ ಎರಡು ತುಣುಕುಗಳ ನಡುವಿನ ಅಂತರಕ್ಕೆ ಮಾತ್ರ ಅನ್ವಯ. ಸರ್ವರ್ ತೊಟ್ಟು ತೊಟ್ಟಾಗಿ ಕಳಿಸುತ್ತಿದ್ದರೆ ಅದು ಮೀರುವುದೇ ಇಲ್ಲ. ಹಾಗಾಗಿ ಒಟ್ಟು ಗಡುವೂ ಬೇಕು.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಂಪರ್ಕವೇ ಆಗದಿದ್ದರೆ ಮತ್ತೆ ಕಳಿಸಬಹುದು. ಸಂಪರ್ಕವಾಗಿ ಉತ್ತರ ಬಾರದಿದ್ದರೆ ಹಣ ಆಗಲೇ ಕಡಿತವಾಗಿರಬಹುದು. ಅದೇ ವ್ಯವಹಾರ ಸಂಖ್ಯೆಯಿಂದ ಸ್ಥಿತಿ ವಿಚಾರಿಸಬೇಕೇ ಹೊರತು ಹೊಸದಾಗಿ ಕಳಿಸಬಾರದು. ಎರಡಕ್ಕೂ ಒಂದೇ ‘ಎರರ್’ ತೋರಿಸುವುದು ಬಡವರ ಜೇಬಿಗೆ ಕುತ್ತು.

ಟೈಮ್‌ಔಟ್ ಪರೀಕ್ಷೆಗೆಂದು ಯಂತ್ರ ಚಾಲೂ ಇರುವಾಗಲೇ ಸರ್ವರ್ ತಂತ್ರಾಂಶವನ್ನಷ್ಟೇ ನಿಲ್ಲಿಸಿದರೆ ಸಾಲದು, ಆಗ ನಿರಾಕರಣೆ ತಕ್ಷಣ ಬಂದುಬಿಡುತ್ತದೆ. ಜಾಲದ ಕಾವಲು ಗೋಡೆಯಾದ ಫೈರ್‌ವಾಲ್‌ನಲ್ಲಿ ಪ್ಯಾಕೆಟ್‌ಗಳನ್ನು (ದತ್ತಾಂಶದ ಪೊಟ್ಟಣಗಳನ್ನು) ಸದ್ದಿಲ್ಲದೆ ಬೀಳಿಸಿ ನೋಡಬೇಕು.

– ತಂತ್ರಾಂಶ ಎಂಜಿನಿಯರುಗಳು, ಹೆಬ್ಬಾಳ, ಮೈಸೂರು