ಲಸಿಕೆಗೆ ಮೊದಲಿನ ವರ್ಷಗಳು

ಮಾನ್ಯರೇ,

ಜರ್ಮನಿಯ ಬಯೋಎನ್‌ಟೆಕ್ ಔಷಧ ಕಂಪನಿಯನ್ನು ಕಟ್ಟಿದ ಉಗುರ್ ಶಾಹಿನ್ ಅವರ ಕುರಿತ ಬರಹಗಳೆಲ್ಲ ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿರುತ್ತವೆ: ಟರ್ಕಿಯಿಂದ ಜರ್ಮನಿಗೆ ವಲಸೆ ಹೋದ ಫೋರ್ಡ್ ಕಾರ್ಖಾನೆಯ ಕಾರ್ಮಿಕನ ಮಗ ವೈದ್ಯನಾದ, ವರ್ಷ ತುಂಬುವುದರೊಳಗೆ ಕೋವಿಡ್ ಲಸಿಕೆ ತಯಾರಿಸಿದ, ಕೋಟ್ಯಧಿಪತಿಯಾದ. ಇದರಲ್ಲಿ ಸುಳ್ಳೇನಿಲ್ಲ. ಆದರೆ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಕಂಪನಿ ಕಟ್ಟಲು ಹೊರಟದ್ದೇಕೆ ಎಂಬ ಮುಖ್ಯ ಪ್ರಶ್ನೆಯನ್ನು ಈ ಕಥೆ ಮುಟ್ಟುವುದೇ ಇಲ್ಲ.

ಶಾಹಿನ್ ಮತ್ತು ಅವರ ಪತ್ನಿ ಓಜ್ಲೆಮ್ ಟ್ಯುರೆಜಿ ಇಬ್ಬರೂ ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿದ್ದ ವೈದ್ಯರು. ಪ್ರಯೋಗಾಲಯದಲ್ಲಿ ಕಂಡದ್ದನ್ನು ರೋಗಿಯವರೆಗೆ ಒಯ್ಯಲು ವಿಶ್ವವಿದ್ಯಾಲಯವೊಂದರಿಂದಲೇ ಆಗದೆಂದು ಮನಗಂಡು, 2001ರಲ್ಲಿ ಮೈನ್ಜ್ ನಗರದಲ್ಲಿ ಗ್ಯಾನಿಮೆಡ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಜಠರದ ಒಳಪದರದ ಜೀವಕೋಶಗಳ ಸಂದುಗಳಲ್ಲಿ ಹುದುಗಿರುವ ಕ್ಲಾಡಿನ್ 18.2 ಎಂಬ ಪ್ರೋಟೀನು ಕ್ಯಾನ್ಸರ್ ತಗುಲಿ ಆ ಜೋಡಣೆ ಕೆಟ್ಟಾಗ ಹೊರಗೆ ತೆರೆದುಕೊಳ್ಳುತ್ತದೆ. ಅದನ್ನೇ ಗುರುತು ಹಿಡಿದು ದಾಳಿ ಮಾಡುವ ಪ್ರತಿಕಾಯವನ್ನು ರೂಪಿಸುವುದು ಅಲ್ಲಿನ ಕೆಲಸವಾಗಿತ್ತು. ಈ ಕಂಪನಿಯನ್ನು 2016ರಲ್ಲಿ ಜಪಾನಿನ ಆಸ್ಟೆಲ್ಲಾಸ್ 42.2 ಕೋಟಿ ಯೂರೊ ಮುಂಗಡ ತೆತ್ತು ಕೊಂಡಿತು. ಜೋಲ್ಬೆಟುಕ್ಸಿಮ್ಯಾಬ್ ಎಂಬ ಹೆಸರಿನ ಆ ಔಷಧಕ್ಕೆ ಜಪಾನ್ ಮತ್ತು ಅಮೆರಿಕಗಳಲ್ಲಿ ಅನುಮತಿ ಸಿಕ್ಕಿದ್ದು 2024ರಲ್ಲಿ, ಅಂದರೆ ಕಂಪನಿ ಹುಟ್ಟಿ 23 ವರ್ಷಗಳ ನಂತರ. ಅದರ ಒಂದು ದೊಡ್ಡ ಪರೀಕ್ಷೆಯಲ್ಲಿ, ಬರೀ ಕೀಮೋಥೆರಪಿ ಪಡೆದವರಲ್ಲಿ 15.5 ತಿಂಗಳಿದ್ದ ಬದುಕಿನ ಮಧ್ಯಂಕ ಅವಧಿ (ಅರ್ಧದಷ್ಟು ರೋಗಿಗಳು ದಾಟಿ ಬದುಕಿದ ಕಾಲ) ಈ ಔಷಧವೂ ಸೇರಿದಾಗ 18.2 ತಿಂಗಳಿಗೆ ಏರಿತು. ಸುದ್ದಿಮನೆಗೆ ಇದು ಸಣ್ಣ ಸಂಖ್ಯೆ. ಮನೆಯಲ್ಲಿ ಅಂಥ ರೋಗಿಯಿರುವವರಿಗೆ ಅಲ್ಲ.

ಈ ದಂಪತಿ ಬಯೋಎನ್‌ಟೆಕ್ ಸ್ಥಾಪಿಸಿದ್ದು 2008ರಲ್ಲಿ. ಪ್ರತಿ ರೋಗಿಯ ಗಡ್ಡೆಯ ಜೀನ್ ಬದಲಾವಣೆಗಳೂ ಬೇರೆಬೇರೆಯಾದ್ದರಿಂದ ಒಬ್ಬೊಬ್ಬರಿಗೂ ಬೇಗನೆ ತಯಾರಿಸಿಕೊಡಬಲ್ಲ ಲಸಿಕೆ ಬೇಕಿತ್ತು, ಅದಕ್ಕಾಗಿ ಅವರು ಬೇಕಾದ ಪ್ರೋಟೀನನ್ನು ತಯಾರಿಸುವಂತೆ ಜೀವಕೋಶಗಳಿಗೆ ಸೂಚನೆ ಒಯ್ಯುವ ಎಂಆರ್‌ಎನ್‌ಎ ತಂತ್ರವನ್ನು ಹಿಡಿದರು. ಜೆನೆರಿಕ್ ಔಷಧ ಉದ್ಯಮದಲ್ಲಿ ಹಣ ಗಳಿಸಿದ್ದ ಸ್ಟ್ರೂಂಗ್‌ಮನ್ ಸಹೋದರರು ಹೂಡಿಕೆ ಮಾಡಿ ತಾಳ್ಮೆಯಿಂದ ಕಾದರು. 2019ರಲ್ಲಿ ಕಂಪನಿ ಅಮೆರಿಕದ ಷೇರುಪೇಟೆ ಪ್ರವೇಶಿಸಿದಾಗಲೂ ಅದರ ಒಂದೇ ಒಂದು ಔಷಧವೂ ಮಾರುಕಟ್ಟೆಯಲ್ಲಿರಲಿಲ್ಲ! 2020ರ ಜನವರಿಯಲ್ಲಿ ವುಹಾನ್ ಸೋಂಕಿನ ವರದಿ ಓದಿದ ಶಾಹಿನ್ ತಂಡವನ್ನು ಲಸಿಕೆಯತ್ತ ತಿರುಗಿಸಿದಾಗ ಅವರ ನೆರವಿಗೆ ಬಂದದ್ದು ಕ್ಯಾನ್ಸರಿಗಾಗಿ ಕಲಿತ ಈ ವಿದ್ಯೆಯೇ. (ಆ ಲಸಿಕೆಗೆ ಭಾರತದಲ್ಲಿ ತುರ್ತು ಅನುಮತಿ ಕೋರಿದ್ದ, ಬಯೋಎನ್‌ಟೆಕ್‌ನ ಪಾಲುದಾರ ಕಂಪನಿ ಫೈಜರ್ 2021ರ ಫೆಬ್ರುವರಿಯಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆದದ್ದರಿಂದ ನಮಗೆ ಅದರ ಸುದ್ದಿ ಮಾತ್ರ ದಕ್ಕಿತು.)

ಬೆಂಗಳೂರಿನ ನವೋದ್ಯಮಗಳ ಬಗ್ಗೆ ಬರೆಯುವಾಗ ನಮ್ಮ ಪತ್ರಿಕೆಗಳು ಬಂಡವಾಳದ ಮೊತ್ತಕ್ಕೆ ಕೊಡುವಷ್ಟು ಜಾಗವನ್ನು, ಔಷಧ ಯಾವ ಹಂತದ ಪರೀಕ್ಷೆಯಲ್ಲಿದೆ, ಅಲ್ಲಿಯವರೆಗೆ ಹಣ ಕೊಟ್ಟು ಕಾಯುವವರು ಯಾರು ಎಂಬುದಕ್ಕೂ ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು