ಶಾಸಕರಿಗೆ ಬಹಿರಂಗ ಪತ್ರ: ಹುಡುಗನ ಕೈಗೆ ಟಿಸಿ ಕೊಟ್ಬಿಟ್ರೆ ಸಲ್ಯೂಷನ್ ಚಟ ಬಿಟ್ಟೋಗುತ್ತಾ?

ಮಾನ್ಯ ಶಾಸಕರಿಗೆ ನಮಸ್ಕಾರ,

ಸರ್, ನಾನು ನಮ್ಮ ತಾಲ್ಲೂಕು ಕೇಂದ್ರದ ಹೈಸ್ಕೂಲ್ ರಸ್ತೆಲಿ 16 ವರ್ಷದಿಂದ ಸ್ಟೇಷನರಿ ಮತ್ತೆ ಜೆರಾಕ್ಸ್ ಅಂಗಡಿ ನಡೆಸ್ತಾ ಇದೀನಿ. ಸ್ಕೂಲ್ ಮಕ್ಕಳಿಗೆಲ್ಲ ನಾನು ಆಂಟಿ. ಯಾರ ಮನೇಲಿ ಏನು ಕಷ್ಟ, ಯಾರು ಸಾಲ ಹೇಳಿ ನೋಟ್‌ಬುಕ್ ತಗೊಂಡೋಗ್ತಾರೆ, ಎಲ್ಲ ಗೊತ್ತು ನಂಗೆ. ಗಮ್ಮು, ಪಂಕ್ಚರ್ ಸಲ್ಯೂಷನ್ ಮೂಸೋ ಚಟಕ್ಕೆ ಬಿದ್ದ ಮಕ್ಕಳ ಬಗ್ಗೆ ಈ ಪತ್ರ ಬರೀತಿರೋದೂ ಅದಕ್ಕೇ, ಎಲ್ರಿಗೂ ಕಾಣೋ ಹಾಗೆ ಬರೀತಿರೋದೂ ಅದಕ್ಕೇ.

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಮೂರ್ನಾಲ್ಕು ಹುಡುಗ್ರು ರಬ್ಬರ್ ಅಂಟಿಸೋ ಗಮ್ ಟ್ಯೂಬ್ ಕೇಳ್ಕೊಂಡು ಬರೋಕೆ ಶುರು ಮಾಡಿದ್ರು. ಪ್ರಾಜೆಕ್ಟ್ ಇರ್ಬೇಕು ಅಂದ್ಕೊಂಡು ಕೊಟ್ಟೆ. ಒಂದೇ ವಾರದಲ್ಲಿ ಅದೇ ಹುಡುಗ ಮೂರನೇ ಸಲ ಬಂದಾಗ ಅವನ ಕರ್ಚೀಫಿಂದ ವಾಸನೆ ಬಂತು, ಕಣ್ಣು ಕೆಂಪಗಿತ್ತು, ಚಿಲ್ಲರೆ ಎಣಿಸೋಕೂ ಆಗ್ತಿರ್ಲಿಲ್ಲ ಅವನ ಕೈಲಿ. ಅವತ್ತೇ ನಿಲ್ಲಿಸ್ದೆ ಸರ್. ಆದ್ರೆ ಮೊದಲ ಎರಡು ಟ್ಯೂಬ್ ನನ್ನ ಕೈಯಿಂದಾನೇ ಹೋಗಿದ್ದು, ಅದು ನನ್ನ ಮನಸ್ಸಲ್ಲಿ ಕೂತ್ಬಿಟ್ಟಿದೆ. ಆಮೇಲೆ ಅವರು ಪಂಕ್ಚರ್ ಹಾಕೋ ಸಲ್ಯೂಷನ್ ಹುಡುಕ್ಕೊಂಡು ಬೇರೆ ಕಡೆ ಹೋದ್ರು.

ಎರಡು ತಿಂಗಳಲ್ಲಿ ಆ ಹುಡುಗ ಸ್ಕೂಲ್ ಟಾಯ್ಲೆಟ್ಟಲ್ಲಿ ಸಿಕ್ಕಿಬಿದ್ದ. ಒಂದು ವಾರದೊಳಗೆ ಟಿಸಿ. ಅವನ ತಾಯಿ ಗಾರ್ಮೆಂಟ್ಸಿಗೆ ಹೋಗ್ತಾರೆ, ಆ ಟಿಸಿ ಜೆರಾಕ್ಸ್ ಮಾಡ್ಸೋಕೆ ನನ್ನ ಅಂಗಡಿಗೇ ಬಂದಿದ್ರು, ಬೇರೆ ಸ್ಕೂಲಿಗೆ ಸೇರಿಸ್ತೀನಿ ಅಂತ. ಯಾರೂ ಸೇರಿಸ್ಕೊಳ್ಳಲಿಲ್ಲ. ಈಗ ಅವನು ಒಂದು ಗ್ಯಾರೇಜಲ್ಲಿದಾನೆ, ದಿನವಿಡೀ ಪೆಟ್ರೋಲು, ಥಿನ್ನರ್ ಮಧ್ಯೆ. ಸಲ್ಯೂಷನ್ ಮೂಸ್ತಾನೆ ಅಂತ ಹೊರಗೆ ಹಾಕಿದ ಮಗು ಈಗ ಎಲ್ಲಿ ಕೂತಿದೆ ನೋಡಿ ಸರ್.

ಇದು ನಮ್ಮೂರಲ್ಲಿ ಮಾತ್ರ ಇರೋ ಕಥೆ ಅಲ್ಲ. ಸುಪ್ರೀಂ ಕೋರ್ಟ್ 2016ರ ಡಿಸೆಂಬರಲ್ಲೇ ಮಕ್ಕಳ ನಶೆ ಬಗ್ಗೆ ದೇಶವ್ಯಾಪಿ ಸರ್ವೆ ಮಾಡಿ, ಪಾಠದಲ್ಲಿ ಸೇರಿಸಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. 2019ರಲ್ಲಿ ಬಂದ ಕೇಂದ್ರದ ವರದಿ, ದೆಹಲಿ ಏಮ್ಸ್‌ನೋರು ಮಾಡಿದ್ದು, ಅದರಲ್ಲಿ ಒಂದು ವಿಷ್ಯ ಓದಿ ನಂಗೆ ನಿದ್ದೆ ಬರ್ಲಿಲ್ಲ. ಬೇರೆಲ್ಲ ನಶೆಲೂ ದೊಡ್ಡೋರ ಪ್ರಮಾಣನೇ ಜಾಸ್ತಿ, ಈ ಮೂಸೋ ನಶೆ ಒಂದ್ರಲ್ಲಿ ಮಾತ್ರ ಮಕ್ಕಳೇ ಮುಂದೆ, ದೊಡ್ಡೋರು 0.58% ಇದ್ರೆ 10ರಿಂದ 17 ವರ್ಷದ ಮಕ್ಕಳು 1.17%, ಅದರಲ್ಲಿ ಸುಮಾರು 4.6 ಲಕ್ಷ ಮಕ್ಕಳಿಗೆ ಸಹಾಯ ಬೇಕೇ ಬೇಕು ಅನ್ನೋ ಸ್ಥಿತಿ. ಆಮೇಲೆ ಏಮ್ಸ್‌ನೋರು ಬೆಂಗಳೂರೂ ಸೇರಿ 10 ಊರುಗಳ ಸ್ಕೂಲ್ ಮಕ್ಕಳನ್ನ ಕೇಳಿದಾಗ ಮೊದಲ ಸಲ ಏನಾದ್ರೂ ಮುಟ್ಟಿದ ಸರಾಸರಿ ವಯಸ್ಸು 13ರ ಹತ್ತಿರ ಬಂದಿದೆ. ಅಂದ್ರೆ ಏಳನೇ ಎಂಟನೇ ಕ್ಲಾಸು ಸರ್. ತಂಬಾಕು, ಕುಡಿತ, ಗಾಂಜಾ ಜೊತೆಗೆ ಚೀಟಿ ಇಲ್ದೆ ತಗೊಳ್ಳೋ ನೋವಿನ ಮಾತ್ರೆನೂ ಆ ಪಟ್ಟಿಲಿದೆ.

ಪ್ರತಿ ವರ್ಷ ಜೂನ್ 26ಕ್ಕೆ, ನಶೆ ವಿರೋಧಿ ದಿನ ಅಂತ, ಜಾಥಾ ಮಾಡ್ತಾರೆ, ಘೋಷಣೆ ಬರೆದ ಹಾಳೆ ನಾನೇ ಪ್ರಿಂಟ್ ತೆಗೆದು ಕೊಡ್ತೀನಿ. ಅದರಲ್ಲಿ ಸಿರಿಂಜು, ತಲೆಬುರುಡೆ ಚಿತ್ರ ಇರುತ್ತೆ. ಸಿರಿಂಜ್ ನೋಡಿದ ಹುಡುಗ ಇದು ಯಾರದ್ದೋ ವಿಷ್ಯ ಅಂತ ಪ್ರತಿಜ್ಞೆ ಮಾಡಿ ಹೋಗ್ತಾನೆ, ಅವನ ಜೇಬಲ್ಲಿರೋದು ಟ್ಯೂಬು. ಆ ಗಮ್ಮಲ್ಲಿರೋ ಟಾಲುವೀನ್ ಥರದ ಕೆಮಿಕಲ್ ಮೊದಲ ಸಲ ಮೂಸಿದಾಗ್ಲೇ ಹೃದಯದ ಬಡಿತ ತಪ್ಪಿಸಿ ಜೀವ ತೆಗೀಬಹುದು ಅಂತ ಅವನಿಗೆ ಯಾರೂ ಹೇಳಿಲ್ಲ.

ಇನ್ನು ಕಾನೂನು. ಮಗುಗೆ ಡ್ರಗ್ಸ್, ಹೆಂಡ, ತಂಬಾಕು ಕೊಟ್ಟೋರಿಗೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೂ ಜೈಲು, 1 ಲಕ್ಷದವರೆಗೂ ದಂಡ. ಸ್ಕೂಲಿಂದ 100 ಗಜದೊಳಗೆ ಬೀಡಿ ಸಿಗರೇಟು ಗುಟ್ಕಾ ಏನೂ ಮಾರಂಗಿಲ್ಲ ಅಂತ ಕಾಂಪೌಂಡ್ ಮೇಲೆ ಬೋರ್ಡೇ ಇದೆ, ಆ ಬೋರ್ಡಿಂದ ನೋಡಿದ್ರೆ ಕಾಣೋ ಪೆಟ್ಟಿಗೆ ಅಂಗಡಿಲೇ ಪೌಚ್ ಸಿಗುತ್ತೆ. ಸಲ್ಯೂಷನ್ ಕಥೆ ಇನ್ನೂ ಬೇರೆ, ಅದು ಡ್ರಗ್ಸ್ ತಡೆಯೋ ಎನ್‌ಡಿಪಿಎಸ್ ಕಾಯ್ದೆಗೇ ಬರಲ್ಲ, ಅದಕ್ಕೇ ಪೊಲೀಸರಿಗೆ ಹೇಳಿದ್ರೆ ಏನು ಕೇಸ್ ಹಾಕೋದಮ್ಮಾ ಅಂತಾರೆ. 2012ರಲ್ಲಿ, ಮಕ್ಕಳು ಅದನ್ನೂ ಮೂಸ್ತಾರೆ ಅಂತ, ಕೇಂದ್ರ ಸರ್ಕಾರ ಬಾಟಲಿ ವೈಟ್ನರ್, ಅದರ ಜೊತೆ ಬರ್ತಿದ್ದ ಥಿನ್ನರ್ ನಿಲ್ಲಿಸ್ತು, ಅವತ್ತಿಂದ ನಮಗೆ ಪೆನ್ ಥರದ್ದು ಬರುತ್ತೆ. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ, ಈ ಟ್ಯೂಬ್‌ಗಳ ವಿಷ್ಯ ನೀವು ಅಸೆಂಬ್ಲಿಲಿ ಎತ್ತಬೇಕು. 18 ತುಂಬದೋರಿಗೆ ಕೊಡಬಾರ್ದು ಅಂತ ಒಂದು ಆದೇಶ ಬಂದ್ರೂ ನನ್ನಂಥ ಅಂಗಡಿಯೋರಿಗೆ ಇಲ್ಲ ಅನ್ನೋಕೆ ಧೈರ್ಯ ಬರುತ್ತೆ.

ಆದ್ರೆ ನಾನು ಮುಖ್ಯವಾಗಿ ಕೇಳ್ತಿರೋದು ಟಿಸಿ ವಿಷ್ಯ. ಎಂಟನೇ ಕ್ಲಾಸ್ ಮುಗಿಯೋವರೆಗೂ ಮಗುನ ಸ್ಕೂಲಿಂದ ಹೊರಗೆ ಹಾಕಂಗಿಲ್ಲ ಅಂತ ಶಿಕ್ಷಣ ಹಕ್ಕಿನ ಕಾಯ್ದೆ, ಆರ್‌ಟಿಇ, ಹೇಳುತ್ತೆ. ಒಂಬತ್ತಕ್ಕೆ ಕಾಲಿಟ್ಟ ತಕ್ಷಣ ಆ ರಕ್ಷಣೆ ಇಲ್ಲ, ಚಟ ಬಲಿಯೋದೂ ಅದೇ ವಯಸ್ಸಲ್ಲಿ. ಚಟ ಇರೋನು ತಾನಾಗಿ ಚಿಕಿತ್ಸೆಗೆ ಬಂದ್ರೆ ಕೇಸಿಂದ ರಕ್ಷಣೆ ಅಂತ ಎನ್‌ಡಿಪಿಎಸ್ 64ಎ ಸೆಕ್ಷನ್ನಲ್ಲಿದೆ. ದೇಶದ ಕಾನೂನಿಗೇ ಇರೋ ಆ ಕರುಣೆ ನಮ್ಮ ಸ್ಟಾಫ್ ರೂಮಿಗೆ ಯಾಕೆ ಬರಬಾರ್ದು? ಮೇಷ್ಟ್ರುಗಳನ್ನ ಬೈತಿಲ್ಲ ನಾನು, ಉಳಿದ ಮಕ್ಕಳೂ ಕೆಡ್ತಾರೆ ಅನ್ನೋ ಭಯ ಅವರದ್ದು. ಅವರಿಗೆ ಬೇರೆ ದಾರಿ ಯಾರೂ ತೋರಿಸಿಲ್ಲ.

ದಾರಿ ಇದೆ ಸರ್. ಮನೋಚೈತನ್ಯ ಅಂತ ಸರ್ಕಾರದ್ದೇ ಯೋಜನೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ, 2014ರಿಂದ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಆ ತಾಯಿಗೆ ಇದ್ಯಾವುದೂ ಗೊತ್ತಿರ್ಲಿಲ್ಲ, ಟಿಸಿ ಕೊಟ್ಟೋರೂ ಹೇಳಲಿಲ್ಲ, ನಂಗೂ ಗೊತ್ತಾಗಿದ್ದು ಆಮೇಲೆ. ಟಿಸಿ ಬರೆಯೋ ಮೊದಲು ಒಂದು ಮಂಗಳವಾರ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು, ಕನಿಷ್ಠ ಮೂರು ತಿಂಗಳು ಮಗು ಸ್ಕೂಲಲ್ಲಿ ಇದ್ದುಕೊಂಡೇ ಚಿಕಿತ್ಸೆ ತಗೋಬೇಕು, ಇಷ್ಟು ಒಂದು ನಿಯಮ ನಮ್ಮ ತಾಲ್ಲೂಕಲ್ಲಿ ಮಾಡ್ಸಿ.

ಸರ್ಕಾರಿ ಪಿಯು ಕಾಲೇಜಿನ ಅಭಿವೃದ್ಧಿ ಸಮಿತಿಗೆ ನೀವೇ ಅಧ್ಯಕ್ಷರು, ಹೈಸ್ಕೂಲ್ ವಿಭಾಗ ಇರೋದೂ ಅದೇ ಕಾಂಪೌಂಡಲ್ಲಿ. ಮುಂದಿನ ಮೀಟಿಂಗಿಗೆ ಪ್ರಿನ್ಸಿಪಾಲ್, ಬಿಇಒ, ತಾಲ್ಲೂಕು ಆರೋಗ್ಯಾಧಿಕಾರಿ ಮೂವರನ್ನೂ ಒಟ್ಟಿಗೆ ಕೂರಿಸಿ. ಯಾವತ್ತು ಅಂತ ಹೇಳಿದ್ರೆ ನಾನು ಅಂಗಡಿ ಮುಚ್ಚಿ ಬರ್ತೀನಿ, ಆ ತಾಯಿನೂ ಬರ್ತೀನಿ ಅಂದಿದಾರೆ. ಆದ್ರೆ ಭಾನುವಾರ ಇಟ್ಕೊಳ್ಳಿ ಸರ್, ಬೇರೆ ದಿನ ರಜೆ ಹಾಕಿದ್ರೆ ಅವರಿಗೆ ಸಂಬಳ ಕಟ್ ಆಗುತ್ತೆ.

ಇಂತಿ,
ಹೈಸ್ಕೂಲ್ ರಸ್ತೆಯ ಸ್ಟೇಷನರಿ ಅಂಗಡಿಯವಳು