‘ಎಲ್ಲಿ ಸಿಕ್ಕಿಕೊಂಡಿದೆ ತೋರಿಸು’ ಎಂದವರಿಗೆ

ಕೊನೆಯ ಸೆಮಿಸ್ಟರ್ ರಿಸಲ್ಟ್ ಬಂತು. ಬಿಸಿನೆಸ್ ಮತ್ತು ಮಾರ್ಕೆಟಿಂಗ್‌ನ ಎರಡು ವರ್ಷದ ಡಿಗ್ರಿ ಮುಗಿಯಿತು. ಎರಡು ವರ್ಷ ಅಂತ ಹೆಸರಿಗೆ ಅಷ್ಟೇ, ನನಗೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಯಾಕೆ ಅನ್ನೋದು ಮುಂದೆ ಹೇಳುತ್ತೇನೆ.

ಓದುವಾಗ ‘ಆಲ್ ದಿ ಬೆಸ್ಟ್’ ಅಂದವರು ಬಹಳ ಜನ. ‘ನಿನ್ನ ಕೈಲಿ ಆಗುತ್ತೆ ಬಿಡು’ ಅಂದವರೂ ಅಷ್ಟೇ ಜನ. ಎಲ್ಲರಿಗೂ ಥ್ಯಾಂಕ್ಸ್. ಆದರೆ ಕೆಲಸ ಮುಗಿಸಿ ಬಂದು, ರಾತ್ರಿ ಲೆಕ್ಕ ತಾಳೆಯಾಗದೆ ಕೂತಾಗ ಆ ಮಾತುಗಳು ಉಪಯೋಗಕ್ಕೆ ಬರುವುದಿಲ್ಲ. ಆಗ ಬೇಕಾಗಿದ್ದು ‘ಎಲ್ಲಿ ಸಿಕ್ಕಿಕೊಂಡಿದೆ ತೋರಿಸು’ ಅನ್ನುವವರು. ಅಂಥವರು ನನಗೆ ಕೆಲವರು ಸಿಕ್ಕರು. ಈ ಬರಹ ಅವರಿಗೆ. ‘ಹೆಸರು ಹಾಕಬೇಡ ಮಾರಾಯ್ತಿ’ ಅಂತ ಕೆಲವರು ಮೊದಲೇ ಹೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ಅಕೌಂಟ್ಸ್ ಮೇಡಂ.

ಮಾರ್ಕೆಟಿಂಗ್ ಓದುತ್ತೇನೆ ಅಂದರೆ ಜನ ಜಾಹೀರಾತು, ಬ್ರ್ಯಾಂಡ್, ಸೋಷಿಯಲ್ ಮೀಡಿಯಾ ಅಂದುಕೊಳ್ಳುತ್ತಾರೆ. ನಮ್ಮ ಮೊದಲ ವರ್ಷದ ಟೈಮ್‌ಟೇಬಲ್ ನೋಡಬೇಕಿತ್ತು. ಅಕೌಂಟಿಂಗ್, ಎಕನಾಮಿಕ್ಸ್, ಬಿಸಿನೆಸ್ ಲಾ, ಸ್ಟ್ಯಾಟಿಸ್ಟಿಕ್ಸ್. ಜಾಹೀರಾತಿನ ಕ್ಲಾಸ್ ಬರುವಷ್ಟರಲ್ಲಿ ಅರ್ಧ ಕೋರ್ಸ್ ಮುಗಿದಿತ್ತು. ಪುಸ್ತಕ ಮುಚ್ಚಿಟ್ಟು ವರ್ಷಗಳೇ ಆಗಿದ್ದ ನನಗೆ ಡೆಬಿಟ್ ಯಾವ ಕಡೆ, ಕ್ರೆಡಿಟ್ ಯಾವ ಕಡೆ ಅನ್ನೋದೇ ತಲೆಗೆ ಹತ್ತುತ್ತಿರಲಿಲ್ಲ.

ಮೇಡಂ ಒಂದು ದಿನ ಬೇಕಂತಲೇ ತಪ್ಪು ಸೇರಿಸಿದ ಲೆಕ್ಕ ಕೊಟ್ಟರು. ಟ್ರಯಲ್ ಬ್ಯಾಲೆನ್ಸ್, ಅಂದರೆ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಎರಡೂ ಸಮ ಇದೆಯಾ ಅಂತ ನೋಡುವ ಪಟ್ಟಿ, ಅದರ ಎರಡು ಕಡೆಗಳ ನಡುವೆ 270 ವ್ಯತ್ಯಾಸ. ಎಲ್ಲರೂ ಮೊದಲಿನಿಂದ ಕೂಡಲು ಶುರುಮಾಡಿದೆವು. ಮೇಡಂ ನನ್ನ ಪಕ್ಕ ಬಂದು ನಿಂತರು. ‘ಕೂಡಬೇಡ. 270 ಅನ್ನು 9ರಿಂದ ಭಾಗಿಸು’ ಅಂದರು. 30 ಬಂತು, ಶೇಷ ಏನೂ ಉಳಿಯಲಿಲ್ಲ. ‘ಹಾಗಾದರೆ ಎಲ್ಲೋ ಒಂದು ಕಡೆ ಅಂಕಿಗಳು ಹಿಂದುಮುಂದಾಗಿರಬಹುದು, ಹುಡುಕು.’ ಹುಡುಕಿದರೆ, 630 ಇರಬೇಕಾದ ಕಡೆ 360 ಅಂತ ಇತ್ತು! ಯಾವುದೇ ಸಂಖ್ಯೆಯಲ್ಲಿ ಎರಡು ಅಂಕಿಗಳು ಜಾಗ ಬದಲಾಯಿಸಿದರೆ ವ್ಯತ್ಯಾಸ 9ರಿಂದ ಭಾಗವಾಗಲೇಬೇಕು. ಇನ್ನೊಂದು ಉಪಾಯವನ್ನೂ ಅವತ್ತೇ ಹೇಳಿಕೊಟ್ಟರು. ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತ ಲೆಡ್ಜರ್‌ನಲ್ಲಿ ಎಲ್ಲಾದರೂ ಇದೆಯಾ ನೋಡಬೇಕು. ಇದ್ದರೆ ಅದು ಡೆಬಿಟ್‌ಗೆ ಹೋಗುವ ಬದಲು ಕ್ರೆಡಿಟ್‌ಗೆ ಹೋಗಿರಬಹುದು, ಇಲ್ಲವೇ ಕ್ರೆಡಿಟ್‌ಗೆ ಹೋಗುವ ಬದಲು ಡೆಬಿಟ್‌ಗೆ ಬಂದಿರಬಹುದು.

ಇದು ಯಾವ ಪರೀಕ್ಷೆಯ ಪ್ರಶ್ನೆಯೂ ಅಲ್ಲ. ಆದರೆ ಅವತ್ತಿನಿಂದ ಲೆಕ್ಕದ ಹೆದರಿಕೆ ಹೋಯಿತು. ತಪ್ಪಿಗೂ ಒಂದು ಗುರುತು ಇರುತ್ತೆ, ಅದನ್ನು ಹಿಡಿದು ಹೋದರೆ ಸಿಗುತ್ತೆ ಅನ್ನುವ ಧೈರ್ಯ ಬಂತು. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಎರಡು ನಮೂದಿನ ಈ ಲೆಕ್ಕದ ಪದ್ಧತಿಯನ್ನು ವಿವರಿಸಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದನಂತೆ. ‘ಐನೂರು ವರ್ಷದಿಂದ ಜನ ಇದರ ಜೊತೆ ಒದ್ದಾಡುತ್ತಿದ್ದಾರೆ, ನೀನೊಬ್ಬಳೇ ಅಲ್ಲ’ ಅಂತ ಮೇಡಂ ನಗುತ್ತಿದ್ದರು. ಮೇಡಂ, ನಿಮಗೆ ದೊಡ್ಡ ನಮಸ್ಕಾರ.

ಆಮೇಲೆ ಮಾರ್ಕೆಟಿಂಗ್ ಸರ್. ಇವರ ಕ್ಲಾಸ್‌ನಲ್ಲಿ ಯಾರಾದರೂ ‘ಸೇಲ್ಸ್ ಕಮ್ಮಿಯಾದರೆ ಡಿಸ್ಕೌಂಟ್ ಕೊಡೋಣ ಸರ್’ ಅಂದರೆ ಮುಗಿಯಿತು, ಕೈಗೆ ಮಾರ್ಕರ್ ಕೊಟ್ಟು ಬೋರ್ಡ್ ಹತ್ತಿರ ಕಳಿಸುತ್ತಿದ್ದರು. ಒಂದು ವಸ್ತುವಿನ ಬೆಲೆ 50 ಅಂತಿಟ್ಟುಕೊಳ್ಳಿ. ಮಾಡಲು ತಗಲುವ ಖರ್ಚು 30. ಒಂದಕ್ಕೆ 20 ಉಳಿಯುತ್ತದೆ. ಬಾಡಿಗೆ, ಸಂಬಳದಂಥ ಖಾಯಂ ಖರ್ಚು 12,000 ಇದ್ದರೆ, 600 ಮಾರಿದ ಮೇಲೆ ಅಸಲು ಹುಟ್ಟುತ್ತದೆ. ಈಗ ಬರೀ ಶೇಕಡ 10 ಡಿಸ್ಕೌಂಟ್ ಕೊಡಿ. ಬೆಲೆ 45, ಉಳಿಯುವುದು 15. ಈಗ ಅಸಲು ಹುಟ್ಟಲು ಎಷ್ಟು ಮಾರಬೇಕು? 800. ಬೆಲೆ ಹತ್ತರಲ್ಲಿ ಒಂದು ಭಾಗ ಇಳಿದರೆ, ಮಾರಾಟ ಮೂರರಲ್ಲಿ ಒಂದು ಭಾಗ ಏರಬೇಕು. ‘ಅಷ್ಟು ಗಿರಾಕಿಗಳನ್ನು ಎಲ್ಲಿಂದ ತರ್ತೀರಿ, ಅದನ್ನು ಹೇಳಿ. ಆಮೇಲೆ ಡಿಸ್ಕೌಂಟ್ ಮಾತಾಡೋಣ.’

ಜಾಹೀರಾತಿನ ಕ್ಲಾಸ್‌ಗಿಂತ ಮೊದಲು ಲೆಕ್ಕದ ಕ್ಲಾಸ್ ಯಾಕೆ ಇಟ್ಟಿದ್ದರು ಅಂತ ಆ ಬೋರ್ಡ್ ಮುಂದೆ ನಿಂತಾಗ ಅರ್ಥವಾಯಿತು.

ಸರ್ ಜೊತೆ ನನಗೆ ಒಂದೇ ವಿಷಯದಲ್ಲಿ ಜಗಳ, ಆ ನಾಲ್ಕು ‘ಪಿ’ಗಳು. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಏನನ್ನಾದರೂ ಮಾರುವವರು ತೀರ್ಮಾನಿಸಬೇಕಾದ ನಾಲ್ಕು ವಿಷಯ ಅಂತ 1960ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರೊಫೆಸರ್ ಜೆರೋಮ್ ಮೆಕಾರ್ಥಿ ಹಾಕಿಕೊಟ್ಟ ಪಟ್ಟಿ. ಉತ್ತರ ಪತ್ರಿಕೆಯಲ್ಲಿ ಬರೆದರೆ ಮಾರ್ಕ್ಸ್ ಬರುತ್ತೆ, ನಿಜ. ಆದರೆ ನಾನು ಕೆಲಸ ಮಾಡುವುದು ಕಸ್ಟಮರ್ ಸರ್ವಿಸ್ ಡೆಸ್ಕ್‌ನಲ್ಲಿ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸುವ ಪ್ರಾಡಕ್ಟೇ ಇಲ್ಲ. ಇದನ್ನು ಕ್ಲಾಸ್‌ನಲ್ಲಿ ಕೇಳಿದಾಗ ಸರ್ ಬೇಸರ ಮಾಡಿಕೊಳ್ಳಲಿಲ್ಲ. 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಎಂಬಿಬ್ಬರು ಸೇವೆಗಳಿಗಾಗಿ ಇನ್ನೂ ಮೂರನ್ನು ಸೇರಿಸಿದ್ದಾರೆ, ಓದು ಅಂತ ಕಳಿಸಿದರು. ಜನ, ಕೆಲಸ ನಡೆಯುವ ಕ್ರಮ, ಮತ್ತು ಗಿರಾಕಿಯ ಕಣ್ಣಿಗೆ ಬೀಳುವ ಸಾಕ್ಷಿ, ಅಂದರೆ ಕೌಂಟರ್, ರಸೀದಿ, ಬೋರ್ಡು ಇತ್ಯಾದಿ. ಓದಿ ಮಾರನೇ ದಿನ ಡ್ಯೂಟಿಗೆ ಹೋದರೆ, ನಮ್ಮ ಡೆಸ್ಕೇ ಬೇರೆ ಥರ ಕಾಣಿಸಿತು. ಜನ ಸಿಟ್ಟಾಗುವುದು ಕಾಯಬೇಕಾದ್ದಕ್ಕೆ ಮಾತ್ರ ಅಲ್ಲ. ಎಷ್ಟು ಹೊತ್ತು ಕಾಯಬೇಕು ಅಂತ ಯಾರೂ ಹೇಳದೇ ಇರುವುದಕ್ಕೂ ಸಿಟ್ಟಾಗುತ್ತಾರೆ.

ಅದೇ ಡೆಸ್ಕ್‌ನಲ್ಲಿ ಪಕ್ಕದ ಸೀಟಿನ ಗೆಳತಿ ಪರೀಕ್ಷೆ ಬಂದಾಗಲೆಲ್ಲ ಶಿಫ್ಟ್ ಬದಲಾಯಿಸಿಕೊಂಡಳು. ಕೇಳುವ ಮೊದಲೇ ನನ್ನ ಪರೀಕ್ಷೆಯ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಂಡಿದ್ದಳು. ಇಂಥವರಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ. ಬೈಯಲಿ.

ಇನ್ನು ನಮ್ಮ ಪ್ರಾಜೆಕ್ಟ್ ಗ್ರೂಪ್. ಇಲ್ಲಿ ನಾನು ನಮಸ್ಕಾರ ಹೇಳಬೇಕಾದ್ದು ನನಗಿಂತ ದೊಡ್ಡವರಾದ ಒಬ್ಬ ಅಕ್ಕನಿಗೆ. ಮಾರ್ಕೆಟ್ ಸರ್ವೆಗೆ ಪ್ರಶ್ನೆಗಳನ್ನು ತಯಾರು ಮಾಡಬೇಕಿತ್ತು. ಅಕ್ಕ ಪ್ರತಿಯೊಂದು ಪ್ರಶ್ನೆಯನ್ನೂ ಜೋರಾಗಿ ಓದುವುದು, ತಾವೇ ಗಿರಾಕಿಯ ಹಾಗೆ ಉತ್ತರ ಕೊಡುವುದು. ‘ನಮ್ಮ ಸೇವೆಯ ಬೆಲೆ ಮತ್ತು ಗುಣಮಟ್ಟ ನಿಮಗೆ ತೃಪ್ತಿ ತಂದಿದೆಯೇ?’ ಅಂತ ಒಂದಿತ್ತು. ಅಕ್ಕ ಓದಿ, ‘ಗುಣಮಟ್ಟ ಚೆನ್ನಾಗಿದೆ, ಬೆಲೆ ಜಾಸ್ತಿ. ಈಗ ಹೌದು ಅನ್ನಲೋ, ಇಲ್ಲ ಅನ್ನಲೋ?’ ಅಂತ ಕೇಳಿದರು. ಎಲ್ಲರೂ ಸುಮ್ಮನಾದೆವು. ಆ ಪ್ರಶ್ನೆ ಎರಡಾಯಿತು. ಇನ್ನೊಂದು, ‘ನಮ್ಮ ಹೊಸ, ಸುಲಭವಾದ ಆ್ಯಪ್ ನಿಮಗೆಷ್ಟು ಇಷ್ಟ?’ ಅದಕ್ಕೆ ಅಕ್ಕ, ‘ಸುಲಭ ಅಂತ ನೀವೇ ಹೇಳಿಬಿಟ್ಟಿರಲ್ಲ, ಇನ್ನು ನನ್ನನ್ನು ಯಾಕೆ ಕೇಳ್ತೀರಿ?’ ಸಂಜೆಯೊಳಗೆ ಅರ್ಧದಷ್ಟು ಪ್ರಶ್ನೆಗಳು ಕಸದ ಬುಟ್ಟಿಗೆ ಹೋದವು. ಉಳಿದವು ಗಟ್ಟಿಯಾಗಿದ್ದವು. ಒಂದು ಪಠ್ಯಪುಸ್ತಕದ ಅಧ್ಯಾಯವನ್ನು ಅಕ್ಕ ಪುಸ್ತಕ ತೆಗೆಯದೆಯೇ ಕಲಿಸಿದ್ದರು.

(ಪ್ರೆಸೆಂಟೇಶನ್ ದಿನ ಮಾತ್ರ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದ ಗ್ರೂಪ್ ಸದಸ್ಯನಿಗೆ ಇಲ್ಲಿ ಏನೂ ಬರೆದಿಲ್ಲ. ಪ್ರತಿ ಗ್ರೂಪ್‌ನಲ್ಲೂ ಒಬ್ಬರು ಇರುತ್ತಾರೆ, ಅಲ್ವಾ?)

ಲೈಬ್ರರಿಯವರನ್ನು ಮರೆಯಬಾರದು. ಒಂದು ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಕೂರಬೇಡಿ, ಮೊದಲು ಸಾರಾಂಶ, ಆಮೇಲೆ ಕೊನೆಯ ಪುಟ, ಬೇಕೆನಿಸಿದರೆ ಮಾತ್ರ ನಡುವಿನದು ಅಂತ ಹೇಳಿಕೊಟ್ಟವರು ಅವರು. ಹಾಗೆ ಓದಲು ಕೂತು, ಪೂರ್ತಿ ಓದಿಸಿಕೊಂಡದ್ದು ಮಾರ್ಕೆಟಿಂಗ್ ಪಂಡಿತ ಥಿಯೋಡರ್ ಲೆವಿಟ್ 1960ರಲ್ಲಿ ಬರೆದ ಒಂದು ಲೇಖನ. ರೈಲ್ವೆ ಕಂಪನಿಗಳು ತಮ್ಮದು ರೈಲಿನ ವ್ಯಾಪಾರ ಅಂದುಕೊಂಡವು, ಜನರನ್ನೂ ಸರಕನ್ನೂ ಸಾಗಿಸುವ ವ್ಯಾಪಾರ ಅಂದುಕೊಳ್ಳಲಿಲ್ಲ, ಅದಕ್ಕೇ ಕಾರು, ಲಾರಿ, ವಿಮಾನಗಳು ಅವರ ಗಿರಾಕಿಗಳನ್ನು ಎತ್ತಿಕೊಂಡು ಹೋದವು ಅನ್ನುವುದು ಲೆವಿಟ್ ಅವರ ವಾದ. ಇಷ್ಟು ಹಳೆಯ ಬರಹ ಇವತ್ತಿಗೂ ಬಿಸಿಯಾಗಿದೆ. ನಮ್ಮ ಸಿಲಬಸ್‌ನಲ್ಲಿದ್ದ ಎಷ್ಟೋ ಹೊಸ ಪುಟಗಳಿಗೆ ಆ ಮಾತು ಹೇಳಲಾರೆ.

ಈಗ ಕಷ್ಟದ ವಿಷಯ. ಎರಡನೇ ವರ್ಷ ಶುರುವಾದ ಸ್ವಲ್ಪ ದಿನಕ್ಕೇ ಅಪ್ಪ ಆಸ್ಪತ್ರೆ ಸೇರಿದರು. ಬೆಳಿಗ್ಗೆ ಡ್ಯೂಟಿ, ಮಧ್ಯಾಹ್ನ ಆಸ್ಪತ್ರೆ, ಸಂಜೆ ಕ್ಲಾಸ್. ಕ್ಲಾಸ್‌ನಲ್ಲಿ ಕೂತರೆ ಕಣ್ಣು ಮುಚ್ಚುತ್ತಿತ್ತು. ಕಾಲೇಜು ಬಿಡುವುದು ಅಂತ ನಿರ್ಧಾರ ಮಾಡಿ, ಫಾರ್ಮ್ ಕೇಳಲು ಕಾಲೇಜಿನ ಆಫೀಸಿಗೆ ಹೋದೆ. ಅಲ್ಲಿದ್ದ ಕ್ಲರ್ಕ್ ಫಾರ್ಮ್ ಕೊಡಲೇ ಇಲ್ಲ. ಕುರ್ಚಿ ತೋರಿಸಿ ಕೂರಿಸಿದರು. ‘ಈ ಸೆಮಿಸ್ಟರ್‌ನಲ್ಲಿ ಎಷ್ಟು ಸಬ್ಜೆಕ್ಟ್ ಇವೆ? ಯಾವುದು ನಿಭಾಯಿಸಬಹುದು, ಯಾವುದು ಆಗೋದೇ ಇಲ್ಲ?’ ಅಂತ ಕೇಳಿದರು. ಕೊನೆಯ ದಿನಾಂಕದೊಳಗೆ ಒಂದು ಸಬ್ಜೆಕ್ಟ್ ಕೈಬಿಟ್ಟರೆ ಅದು ಫೇಲ್ ಅಂತ ದಾಖಲಾಗುವುದಿಲ್ಲ, ಸುಮ್ನೆ ಕ್ಲಾಸ್‌ಗೆ ಬರೋದು ನಿಲ್ಲಿಸಿದರೆ ಫೇಲ್ ಅಂತಲೇ ಬೀಳುತ್ತದೆ, ಎರಡಕ್ಕೂ ಬಹಳ ವ್ಯತ್ಯಾಸ ಇದೆ ಅಂತ ಬಿಡಿಸಿ ಹೇಳಿದರು. ಎರಡು ಸಬ್ಜೆಕ್ಟ್ ಇಟ್ಟುಕೊಂಡೆ, ಉಳಿದದ್ದನ್ನು ಮುಂದಕ್ಕೆ ಹಾಕಿದೆ. ಡಿಗ್ರಿ ತಡವಾಗಿದ್ದು ಹೀಗೆ. ಸಿಕ್ಕಿದ್ದೂ ಹೀಗೇ.

ಅಪ್ಪ ಈಗ ಆರಾಮಾಗಿದ್ದಾರೆ. ರಿಸಲ್ಟ್ ಹೇಳಿದಾಗ, ‘ನನ್ನಿಂದ ತಡ ಆಯ್ತು ನಿಂಗೆ’ ಅಂದರು. ಅಪ್ಪಾ, ಅದೆಲ್ಲ ಏನಿಲ್ಲ.

ಮನೆಯವರ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ನಮ್ಮೆಜಮಾನರು ಪರೀಕ್ಷೆಯ ಹಿಂದಿನ ದಿನ ಪ್ರಶ್ನೆ ಕೇಳಿ ಕೇಳಿ, ಕೊನೆಗೆ ಅವರಿಗೇ ಅರ್ಧ ಸಿಲಬಸ್ ಬಾಯಿಪಾಠ ಆಗಿತ್ತು. ಅತ್ತೆಯದೇ ಬೇರೆ ದಾರಿ. ‘ಇವತ್ತು ಏನು ಕಲಿತೆ, ನನಗೆ ಅರ್ಥ ಆಗೋ ಹಾಗೆ ಹೇಳು’ ಅಂತ ಕೇಳುವುದು. ಒಂದು ರಾತ್ರಿ ಆಪರ್ಚುನಿಟಿ ಕಾಸ್ಟ್ ಅಂದರೇನು ಅಂತ ಕಷ್ಟಪಟ್ಟು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ‘ಇದನ್ನ ಆರಿಸ್ಕೊಂಡ್ರೆ ಅದು ತಪ್ಪಿಹೋಗುತ್ತೆ ಅಂತ ತಾನೇ? ಅದಕ್ಕೆ ಕಾಲೇಜಿಗೆ ಹೋಗಬೇಕಾ ನೀನು?’ ಅಂದುಬಿಟ್ಟರು. ಆದರೆ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ನಾನು ಬರೆದದ್ದು ಅತ್ತೆಯ ಉತ್ತರವನ್ನೇ, ಸ್ವಲ್ಪ ಉದ್ದ ಮಾಡಿ.

‘ಎರಡು ವರ್ಷದ ಡಿಗ್ರಿನಾ? ಅದಕ್ಕೇನು ಬೆಲೆ?’ ಅಂತ ಕೇಳಿದವರೂ ಇದ್ದಾರೆ. ಇದರ ಬಲದ ಮೇಲೆ ಕೆಲವರು ಕೆಲಸಕ್ಕೆ ಸೇರುತ್ತಾರೆ, ಕೆಲವರು ಪೂರ್ತಿ ಪದವಿಗೆ ಮುಂದುವರಿಯುತ್ತಾರೆ. ನಾನಿನ್ನೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ ನಿದ್ದೆ ಮಾಡಬೇಕಿದೆ.

ನನ್ನ ಅಕೌಂಟ್ಸ್ ನೋಟ್ಸ್ ಹಾಗೇ ಇದೆ, ಬಿಡಿಸಿದ ಲೆಕ್ಕಗಳ ಸಮೇತ. ಈ ವರ್ಷ ಕೋರ್ಸ್ ಸೇರಿದವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಕೊಡುತ್ತೇನೆ. ಸ್ಟ್ಯಾಟಿಸ್ಟಿಕ್ಸ್ ಮಾತ್ರ ನನ್ನ ಹತ್ತಿರ ಕೇಳಬೇಡಿ, ಅದಕ್ಕೆ ಅಕ್ಕ ಇದ್ದಾರೆ.